ಇರಕಲ್ ಸೀರೆಯ ದುಡ್ಡು ಯಾರ ಕೈ ಸೇರುತ್ತದೆ?

ಪುಣೆಯ ಲಕ್ಷ್ಮೀ ರೋಡಿನ ಯಾವುದಾದರೂ ಹಳೇ ಸೀರೆ ಅಂಗಡಿಗೆ ಹೋಗಿ ‘ಇರಕಲ್ ತೋರಿಸಿ’ ಅಂದರೆ ಸಾಕು. ಬಿಳಿ ಗಾದಿಯ ಮೇಲೆ ಹತ್ತಾರು ಸೀರೆ ಹರಡುತ್ತಾರೆ. ನಮ್ಮ ಬಾಗಲಕೋಟೆ ಜಿಲ್ಲೆಯ ಇಳಕಲ್ಲೇ ಇಲ್ಲಿಯವರ ಬಾಯಲ್ಲಿ ಇರಕಲ್. ಪಕ್ಕದ ಕಪಾಟಿನಲ್ಲಿ ಗುಳೇದಗುಡ್ಡದ ಖಣ, ಅಂದರೆ ಕುಪ್ಪಸದ ಬಟ್ಟೆ. ನಾವು ಉಡಿ ತುಂಬುವಾಗ ಖಣ ಇಡುವ ಹಾಗೆ ಮರಾಠಿ ಹೆಂಗಸರು ಓಟಿ ತುಂಬುವಾಗ ಅದೇ ಖಣ ಇಡುತ್ತಾರೆ. ಧಾರವಾಡ ಬಿಟ್ಟು ಪುಣೆಯ ಕೋಥರೂಡಿಗೆ ಬಂದ ಹೊಸದರಲ್ಲಿ ನನಗೆ ಊರು ನೆನಪಾದಾಗಲೆಲ್ಲ ಈ ರಸ್ತೆಗೆ ಬರುತ್ತಿದ್ದೆ. ಸೀರೆ ಕೊಳ್ಳದಿದ್ದರೂ ಸುಮ್ನೆ ಮುಟ್ಟಿ ನೋಡಿ ಹೋಗುತ್ತಿದ್ದೆ.

ಆಗ ತಲೆಯಲ್ಲಿ ಒಂದು ಪ್ರಶ್ನೆ ಹೊಕ್ಕಿತು. ಈ ಸೀರೆಗೆ ನಾನು ಕೊಡುವ ದುಡ್ಡಿನಲ್ಲಿ ಇದನ್ನು ಮಾಡಿದ ಹೆಂಗಸಿಗೆ ಎಷ್ಟು ಸಿಗುತ್ತದೆ? ‘ಸಾಮಾಜಿಕ ಉದ್ಯಮ’ ಅನ್ನುವ ಮಾತು ಈಗ ಎಲ್ಲ ಕಡೆ ಕೇಳಿಬರುತ್ತದೆ. ಮೇಳಗಳಲ್ಲಿ, ಆನ್‌ಲೈನ್ ಅಂಗಡಿಗಳಲ್ಲಿ, ಬಟ್ಟೆಗೆ ಕಟ್ಟಿದ ಸಣ್ಣ ಚೀಟಿಗಳಲ್ಲಿ ಅದೇ ಮಾತು. ಅದರ ಅರ್ಥ ತಿಳಿಯಬೇಕಾದರೆ ಈ ಪ್ರಶ್ನೆಯಿಂದಲೇ ಶುರು ಮಾಡಬೇಕು ಅಂತ ನನಗೆ ಅನಿಸುತ್ತದೆ.

ಮೊದಲು ಇಳಕಲ್ ಸೀರೆಯನ್ನೇ ನೋಡೋಣ. ಅದರ ಒಡಲಿನ ಹಾಸು, ಅಂದರೆ ಮಗ್ಗದ ಉದ್ದದ ಎಳೆಗಳು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಒಂದೊಂದು ಎಳೆಯನ್ನೂ ಸೆರಗಿನ ಎಳೆಗೆ ಕುಣಿಕೆ ಹಾಕಿ ಸೇರಿಸಬೇಕು. ಇದಕ್ಕೆ ಕೊಂಡಿ ಅನ್ನುತ್ತಾರೆ. ಒಂದೊಂದು ಸೀರೆಗೂ ಇದನ್ನು ಹೊಸದಾಗಿ ಮಾಡಬೇಕು. ಹಾಗೆ ಸೇರಿಸಿದ ಮೇಲೆಯೇ ಕೆಂಪು ಬಿಳಿಯ ತೋಪ್ ತೆನಿ ಸೆರಗು ಮೂಡುವುದು. ಮಗ್ಗದ ಮೇಲೆ ಕೂತವರು ನಮ್ಮ ಕಣ್ಣಿಗೆ ಕಾಣುತ್ತಾರೆ. ಆದರೆ ನೂಲು ಬಿಡಿಸುವುದು, ಕಂಡಿಕೆಗೆ (ನೂಲಿನ ಸಣ್ಣ ಉರುಳೆಗೆ) ನೂಲು ಸುತ್ತುವುದು, ಹಾಸು ಹೂಡುವುದು, ಎಳೆ ಜೋಡಿಸುವುದು ಎಲ್ಲ ಹೆಚ್ಚಾಗಿ ಮನೆಯ ಹೆಂಗಸರದೇ ಕೆಲಸ. ಸೀರೆಗೆ ಇಷ್ಟು ಅಂತ ಕೂಲಿ ಬರುತ್ತದೆ, ಮಗ್ಗದವರ ಹೆಸರಿಗೆ. ಕಂಡಿಕೆ ಸುತ್ತಿದ ಕೈಗೆ ಬೇರೆ ಲೆಕ್ಕ ಇಲ್ಲ. ಅದು ಮನೆಗೆಲಸದ ಜೊತೆ ಸೇರಿ ಹೋಗುತ್ತದೆ.

ಇದು ಒಂದು ಊರಿನ ಕಥೆ ಅಷ್ಟೇ ಅಲ್ಲ. 2019–20ರ ನಾಲ್ಕನೇ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ಕೈಮಗ್ಗ ಮತ್ತು ಅದರ ಪೂರಕ ಕೆಲಸಗಳಲ್ಲಿ 35 ಲಕ್ಷಕ್ಕೂ ಜಾಸ್ತಿ ಜನ ಇದ್ದಾರೆ. ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಜನ ಹೆಂಗಸರು. ಅದೇ ಗಣತಿಯಲ್ಲಿ ಮೂರರಲ್ಲಿ ಸುಮಾರು ಎರಡು ಪಾಲು ನೇಕಾರ ಕುಟುಂಬಗಳ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ ಇತ್ತು. ಕುಟುಂಬದ ಆದಾಯ, ಒಬ್ಬರದಲ್ಲ. ಈ ಅಂಕಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಕಸೂತಿಯ ಕಥೆ ನನಗೆ ಇನ್ನೂ ಹತ್ತಿರದ್ದು. ನಮ್ಮ ದೊಡ್ಡಮ್ಮ ಕಸೂತಿ ಹಾಕುತ್ತಿದ್ದಳು. ಕಿಟಕಿಯ ಪಕ್ಕ ಕಾಲು ಚಾಚಿ ಕೂತು, ಸೀರೆಯ ಸೆರಗನ್ನು ತೊಡೆಯ ಮೇಲೆ ಹಾಸಿಕೊಂಡು ಎಳೆ ಎಣಿಸುತ್ತಿದ್ದಳು. ಪೆನ್ಸಿಲ್ ಗುರುತು ಇಲ್ಲ, ಅಚ್ಚು ಇಲ್ಲ. ಬಟ್ಟೆಯ ಎಳೆ ಎಣಿಸಿಯೇ ಗೋಪುರ, ತೇರು, ತುಳಸಿ ಕಟ್ಟೆ, ಆನೆ, ನವಿಲು ಎಲ್ಲ ಮೂಡಬೇಕು. ಗವಂತಿ ಹೊಲಿಗೆಯಲ್ಲಿ ಸೂಜಿ ಒಂದು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ ಅಂತ ಮುಂದೆ ಹೋಗುತ್ತದೆ. ಕೊನೆ ಮುಟ್ಟಿ ಅದೇ ದಾರಿಯಲ್ಲಿ ವಾಪಸ್ಸು ಬರುತ್ತದೆ. ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಗಂಟು ಹಾಕುವ ಹಾಗಿಲ್ಲ. ಅದಕ್ಕೇ ಬಟ್ಟೆಯ ಮುಂದೆ ಹಿಂದೆ ಎರಡೂ ಒಂದೇ ಥರ ಕಾಣುತ್ತದೆ. ಮುರಿಗಿ ಅಂದರೆ ಮೆಟ್ಟಿಲಿನ ಹಾಗೆ ಓರೆ ಓರೆಯಾಗಿ ಹೋಗುವುದು. ನೇಯ್ಗಿ ನೋಡಿದರೆ ನೇಯ್ದ ಹಾಗೇ ಇರುತ್ತದೆ. ಮೆಂತೆ ಅಂದರೆ ಮೆಂತ್ಯದ ಕಾಳಿನಂಥ ಸಣ್ಣ ಕತ್ತರಿ ಹೊಲಿಗೆ. ಒಂದು ಎಳೆ ತಪ್ಪಿ ಎಣಿಸಿದರೂ ತೇರಿನ ಗಾಲಿ ಸೊಟ್ಟಗಾಗುತ್ತದೆ. ಅಲ್ಲಿಯವರೆಗಿನ ಹೊಲಿಗೆ ಬಿಚ್ಚಬೇಕು.

ದೊಡ್ಡಮ್ಮನಿಗೆ ಕೆಲಸ ಕೊಡುತ್ತಿದ್ದವನು ಒಬ್ಬ ಏಜೆಂಟ್. ಬಟ್ಟೆ, ದಾರ ಅವನದು. ‘ಪೀಸಿಗೆ ಇಷ್ಟು’ ಅಂತ ಮಾತು. ಎಷ್ಟೋ ಸಲ ಹೊಲಿಗೆ ಸರಿಯಿಲ್ಲ ಅಂತ ದುಡ್ಡು ಮುರಿಯುತ್ತಿದ್ದ. ಒಮ್ಮೆ ಎರಡು ಸೀರೆಯ ದುಡ್ಡು ಕೊಡಲೇ ಇಲ್ಲ. ಅವಳ ಹತ್ತಿರ ಬರೆದಿಟ್ಟ ಲೆಕ್ಕ ಇರಲಿಲ್ಲ. ತಾನು ಎಷ್ಟು ದಿನ ಕೂತೆ ಅನ್ನುವುದೂ ಅವಳಿಗೆ ಗೊತ್ತಿರಲಿಲ್ಲ. ‘ಸಂಜಿ ಹೊತ್ತು ಕೂತಿದ್ದೆ, ಅಷ್ಟ’ ಅನ್ನುತ್ತಿದ್ದಳು.

ಈ ಬೆಲೆ ಹೇಗೆ ಒಡೆಯುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ ಹಾಕೋಣ. ಅಂಕಿಗಳು ತಿಳಿವಳಿಕೆಗೆ ನಾನೇ ಇಟ್ಟುಕೊಂಡವು. ಒಂದು ಕಸೂತಿ ದುಪಟ್ಟಾಕ್ಕೆ 40 ಗಂಟೆ ಕೆಲಸ ಅನ್ನಿ. ಬಟ್ಟೆ, ದಾರ 700 ರೂಪಾಯಿ. ಹೊಲಿದವಳಿಗೆ ಪೀಸಿನ ಲೆಕ್ಕದಲ್ಲಿ 800. ಏಜೆಂಟನಿಗೆ 300. ಅಂಗಡಿಗೆ 1,200. ಒಟ್ಟು 3,000 ರೂಪಾಯಿ. ನಾವು ಕೌಂಟರಿನಲ್ಲಿ ನಿಂತು ‘ಸ್ವಲ್ಪ ಕಡಿಮೆ ಮಾಡಿ’ ಅನ್ನುತ್ತೇವೆ. ಹೊಲಿದವಳ 800ನ್ನು 40ರಿಂದ ಭಾಗಿಸಿ ನೋಡಿ. ಗಂಟೆಗೆ 20 ರೂಪಾಯಿ.

ಇಲ್ಲಿ ಅಂಗಡಿಯವರನ್ನು ಬೈದು ಮುಗಿಸುವುದು ಸುಲಭ. ನಾನೂ ಹಾಗೇ ಮಾಡುತ್ತಿದ್ದೆ. ಆದರೆ ಅಂಗಡಿಯ ಬಾಡಿಗೆ ಇದೆ, ಕೆಲಸದವರ ಸಂಬಳ ಇದೆ, ಮಾರಾಟವಾಗದೆ ಬಿದ್ದ ಮಾಲು ಇದೆ. ಆ ನಷ್ಟದ ಅಪಾಯ ಹೊರುವವರು ಯಾರೋ ಇರಬೇಕು. ಏಜೆಂಟನೂ ನೂಲು, ಬಟ್ಟೆಗೆ ಮೊದಲೇ ದುಡ್ಡು ಹಾಕಿರುತ್ತಾನೆ. ಹೊಲಿಯುವವಳ ಹತ್ತಿರ ಆ ಬಂಡವಾಳ ಇಲ್ಲ. ಪುಣೆಯಲ್ಲಿ ಈ ದುಪಟ್ಟಾ ಎಷ್ಟಕ್ಕೆ ಹೋಗುತ್ತದೆ ಅನ್ನುವ ಸುದ್ದಿ ಇಲ್ಲ. ಬೇರೆ ಗಿರಾಕಿ ಇಲ್ಲ. ಬಂಡವಾಳ, ಸುದ್ದಿ, ಗಿರಾಕಿ ಮೂರೂ ಒಬ್ಬನ ಕೈಯಲ್ಲಿದ್ದಾಗ ಬೆಲೆ ಹೇಳುವವನೂ ಅವನೇ.

ಸಾಮಾಜಿಕ ಉದ್ಯಮ ಕೈ ಹಾಕುವುದು ಇಲ್ಲಿ. ಅದು ದಾನ ಕೊಡುವ ಸಂಸ್ಥೆಯ ಹಾಗಲ್ಲ, ಯಾಕೆಂದರೆ ಅದು ಮಾಲು ಮಾರಿಯೇ ಬದುಕಬೇಕು. ಮಾಮೂಲಿ ವ್ಯಾಪಾರದ ಹಾಗೂ ಅಲ್ಲ, ಯಾಕೆಂದರೆ ಲಾಭ ಎಷ್ಟಾಯಿತು ಅನ್ನುವುದಕ್ಕಿಂತ ಮೊದಲು ಮಾಡಿದವರಿಗೆ ಎಷ್ಟು ಸಿಕ್ಕಿತು ಅಂತ ಅದು ಕೇಳಿಕೊಳ್ಳುತ್ತದೆ. ನೂಲು, ಬಟ್ಟೆಗೆ ಮುಂಗಡ ಕೊಡುತ್ತದೆ. ಗಂಟೆಯ ಲೆಕ್ಕದಲ್ಲಿ ಕೂಲಿ ಗೊತ್ತು ಮಾಡುತ್ತದೆ. ಗಿರಾಕಿಯ ಹತ್ತಿರ ನೇರವಾಗಿ ಹೋಗುತ್ತದೆ. ಮಾಲು ಉಳಿದರೆ ಆ ಹೊರೆಯನ್ನು ಹೊಲಿದವಳ ತಲೆಗೆ ಕಟ್ಟುವುದಿಲ್ಲ. ಕಟ್ಟಬಾರದು.

ಮತ್ತೆ ಲೆಕ್ಕಕ್ಕೆ ಬರೋಣ. ಅದೇ ದುಪಟ್ಟಾ, ಅದೇ 40 ಗಂಟೆ. ಗಂಟೆಗೆ 50 ರೂಪಾಯಿ ಅಂದರೆ 2,000. ಬಟ್ಟೆ, ದಾರ 700. ಸಾಗಾಟ, ಮೇಳದ ಬಾಡಿಗೆ, ಉಳಿದ ಮಾಲಿನ ನಷ್ಟ ಎಲ್ಲ ಸೇರಿ 900. ಒಟ್ಟು 3,600. ಗಿರಾಕಿ 600 ರೂಪಾಯಿ ಜಾಸ್ತಿ ಕೊಡುತ್ತಾಳೆ, ಹೊಲಿದವಳಿಗೆ 1,200 ಜಾಸ್ತಿ ಸಿಗುತ್ತದೆ. ನಡುವಿನ ಖರ್ಚು ಇಳಿದದ್ದರಿಂದ ಇದು ಸಾಧ್ಯವಾಯಿತು. ಆದರೆ ಬೆಲೆ ಏರಿತು ಅನ್ನುವುದನ್ನು ಮರೆಮಾಚಬಾರದು. ಒಳ್ಳೆ ಕೂಲಿ ಕೊಟ್ಟೂ ಬಜಾರಿನಲ್ಲೇ ಎಲ್ಲಕ್ಕಿಂತ ಅಗ್ಗ ಅಂತ ಯಾರಾದರೂ ಹೇಳಿದರೆ ನನಗೆ ಅನುಮಾನ ಬರುತ್ತದೆ.

ಈ ಥರದ ಉದ್ಯಮಕ್ಕೆ ಬೇರೆ ಬೇರೆ ರೂಪಗಳಿವೆ. ನಮಗೆಲ್ಲ ಗೊತ್ತಿರುವ, ಆದರೆ ಹೀಗೆ ಯೋಚಿಸಿ ನೋಡದ ಒಂದು ಹೆಸರು ಲಿಜ್ಜತ್ ಪಾಪಡ್. 1959ರ ಮಾರ್ಚ್ 15ರಂದು ಮುಂಬೈಯ ಗಿರಗಾಂವಿನಲ್ಲಿ ಏಳು ಹೆಂಗಸರು ಮಹಡಿಯ ಮೇಲೆ ಕೂತು ಹಪ್ಪಳ ಲಟ್ಟಿಸಿದರು. ಬಂಡವಾಳ 80 ರೂಪಾಯಿ ಸಾಲ. ಮೊದಲ ದಿನ ಆದದ್ದು ನಾಲ್ಕು ಪ್ಯಾಕೆಟ್. ಇವತ್ತು ಅದರಲ್ಲಿ 40 ಸಾವಿರಕ್ಕೂ ಜಾಸ್ತಿ ಹೆಂಗಸರಿದ್ದಾರೆ. ಆ ಏಳು ಜನರಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಬೆಳಗ್ಗೆ ಕೇಂದ್ರಕ್ಕೆ ಹೋಗಿ ಕಲಸಿದ ಹಿಟ್ಟು ತರುವುದು, ಮನೆಯಲ್ಲೇ ಲಟ್ಟಿಸುವುದು, ಮರುದಿನ ಹಪ್ಪಳ ಒಪ್ಪಿಸಿ ದುಡ್ಡು ತಗೊಳ್ಳುವುದು. ಇದರಲ್ಲಿ ಎರಡು ಮಾತು ಗಮನಿಸಬೇಕು. ಒಂದು, ಹಿಟ್ಟು ಸಂಸ್ಥೆಯದು, ಹಾಗಾಗಿ ಬಂಡವಾಳದ ಚಿಂತೆ ಲಟ್ಟಿಸುವವಳಿಗೆ ಇಲ್ಲ. ಎರಡು, ಅಲ್ಲಿ ಲಟ್ಟಿಸುವವಳು ಕೂಲಿಯವಳಲ್ಲ, ಒಡತಿ. ಅವರು ಒಬ್ಬರನ್ನೊಬ್ಬರು ಕರೆಯುವುದೇ ಬೆಹನ್ ಅಂತ. ಲಾಭದಲ್ಲಿ ಅವಳಿಗೂ ಪಾಲು.

ಹಪ್ಪಳಕ್ಕೂ ಕಸೂತಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಹಪ್ಪಳ ತಿಂದು ಮುಗಿಯುತ್ತದೆ, ಮುಂದಿನ ವಾರ ಮತ್ತೆ ಬೇಕು. ಸೀರೆ ಹಾಗಲ್ಲ. ಮಾಲು ಕಪಾಟಿನಲ್ಲಿ ಕೂತರೆ ದುಡ್ಡೂ ಅಲ್ಲೇ ಕೂತ ಹಾಗೆ. ಇದು ಎಷ್ಟು ಕಷ್ಟ ಅನ್ನುವುದು ನಮ್ಮ ಸಾಗರ ತಾಲ್ಲೂಕಿನ ಭೀಮನಕೋಣೆಯ ‘ಚರಕ’ವನ್ನು ನೋಡಿದರೆ ತಿಳಿಯುತ್ತದೆ. ರಂಗಕರ್ಮಿ ಪ್ರಸನ್ನ ಅವರ ಮುಂದಾಳುತನದಲ್ಲಿ ಬೆಳೆದ ಮಹಿಳಾ ಸಹಕಾರ ಸಂಘ ಅದು. ಅಡಿಕೆ ಚೊಗರಿನಂಥ ನೈಸರ್ಗಿಕ ಬಣ್ಣ, ಕೈಮಗ್ಗದ ಬಟ್ಟೆ, ಮಾರಲು ‘ದೇಸಿ’ ಅಂಗಡಿಗಳು. ಹೆಸರು ಇತ್ತು, ಗಿರಾಕಿಗಳ ಪ್ರೀತಿಯೂ ಇತ್ತು. ಆದರೂ 2020ರಲ್ಲಿ ಕೋವಿಡ್ ಹೊತ್ತಿಗೆ ಮಾಲು ಉಳಿದು, ಹಣ ನಿಂತು, ತಾನು ದಿವಾಳಿಯಾಗಿದ್ದೇನೆ ಅಂತ ಸಂಘ ಬಹಿರಂಗವಾಗಿಯೇ ಹೇಳಬೇಕಾಯಿತು. ಆ ಸುದ್ದಿ ಪುಣೆಯಲ್ಲಿ ಕೂತು ಓದಿದಾಗ ನಮ್ಮ ಮನೆಯದೇ ಯಾವುದೋ ಮುರಿದ ಹಾಗಾಯಿತು. ಒಳ್ಳೆ ಉದ್ದೇಶ ಇದ್ದರೆ ಸಾಲದು, ಕೈಯಲ್ಲಿ ಆಡುವ ಹಣ ಬೇಕು.

ಆ ಹಣವನ್ನು ಮಾಡುವವರೇ ಹಾಕಿದರೆ? ರಾಜಸ್ಥಾನದ ಬಿಕಾನೇರ್ ಕಡೆ ಕೆಲಸ ಶುರು ಮಾಡಿದ ‘ರಂಗಸೂತ್ರ’ ಹಾಗೇ ಹುಟ್ಟಿತು. ಸುಮಿತಾ ಘೋಷ್ 2006ರಲ್ಲಿ ಕಟ್ಟಿದ ಕಂಪನಿ ಅದು. ಶುರುವಿನಲ್ಲಿ ಸುಮಾರು ಸಾವಿರ ಕುಶಲಕರ್ಮಿಗಳು ತಲಾ 1,000 ರೂಪಾಯಿ ಹಾಕಿ ಷೇರುದಾರರಾದರು. ಹತ್ತು ಲಕ್ಷ ಕೂಡಿತು. ದೊಡ್ಡ ದೊಡ್ಡ ಅಂಗಡಿಗಳಿಗೆ ಮಾಲು ಹೋಗುವಾಗ ಕಸೂತಿ ಹಾಕಿದವಳ ಹೆಸರು ಕಂಪನಿಯ ಷೇರು ಪುಸ್ತಕದಲ್ಲೂ ಇರುತ್ತದೆ. ನನಗೆ ತುಂಬಾ ಹಿಡಿಸಿದ್ದು ಇದೇ. ಚೀಟಿಯ ಮೇಲೆ ಅವಳ ಫೋಟೊ ಹಾಕುವುದು ಸುಲಭ, ಪುಸ್ತಕದಲ್ಲಿ ಹೆಸರು ಬರೆಯುವುದು ಬೇರೆ ಮಾತು.

ಕಾನೂನಿನಲ್ಲೂ ಇದಕ್ಕೆ ದಾರಿ ಇದೆ. ಕಂಪನಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯಿಂದ ‘ಉತ್ಪಾದಕರ ಕಂಪನಿ’ ಅನ್ನುವ ರೂಪ ಬಂತು. ರೈತರು ಹೆಚ್ಚಾಗಿ ಬಳಸಿದರು, ಆದರೆ ಕರಕುಶಲದವರೂ ಕಟ್ಟಬಹುದು. ಹತ್ತು ಜನ ಉತ್ಪಾದಕರಿದ್ದರೆ ಸಾಕು. ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಸೆಕ್ಷನ್ 8 ಕಂಪನಿ ಇನ್ನೊಂದು ರೂಪ. ಅದರಲ್ಲಿ ಲಾಭವನ್ನು ಯಾರೂ ಹಂಚಿಕೊಳ್ಳುವ ಹಾಗಿಲ್ಲ, ಉದ್ದೇಶಕ್ಕೇ ಹಾಕಬೇಕು. ಸ್ವಸಹಾಯ ಗುಂಪು ಎಲ್ಲಕ್ಕಿಂತ ಚಿಕ್ಕದು, ಉಳಿತಾಯಕ್ಕೆ, ಸಣ್ಣ ಸಾಲಕ್ಕೆ ಒಳ್ಳೆಯದು. ಆದರೆ ದೊಡ್ಡ ಆರ್ಡರ್ ಬಂದರೆ ಅದಕ್ಕೆ ತಾಳುವುದು ಕಷ್ಟ. ಯಾವ ರೂಪ ಒಳ್ಳೆಯದು ಅಂತ ವಾದ ಮಾಡುವುದಕ್ಕಿಂತ ಬೆಲೆ ಗೊತ್ತು ಮಾಡುವ ದಿನ ಹೊಲಿಯುವವಳು ಆ ಕೋಣೆಯಲ್ಲಿ ಇದ್ದಳಾ ಅಂತ ನಾನು ಕೇಳುತ್ತೇನೆ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಕೆಲವು ವರ್ಷಗಳ ಹಿಂದೆ ನಾವು ನಾಲ್ಕು ಜನ ಕನ್ನಡದ ಗೆಳತಿಯರು ಸೇರಿ ಧಾರವಾಡದ ಕಡೆಯ ಆರು ಹೆಂಗಸರ ಕಸೂತಿಯನ್ನು ಪುಣೆಯಲ್ಲಿ ಮಾರಲು ಹೊರಟೆವು. ದೊಡ್ಡ ಕನಸೇನೂ ಇರಲಿಲ್ಲ. ಸಂಕ್ರಾಂತಿಗೆ, ಗಣೇಶ ಚೌತಿಗೆ ಪರಿಚಯದವರ ಮನೆಗಳಲ್ಲಿ ಹಾಸಿ ತೋರಿಸುತ್ತಿದ್ದೆವು. ಚೆನ್ನಾಗಿ ಹೋಯಿತು. ಆಮೇಲೆ ಒಂದು ಅಂಗಡಿಯವರು ನಲವತ್ತು ಸ್ಟೋಲ್ ಕೇಳಿದರು. ಖುಷಿಯಲ್ಲಿ ಒಪ್ಪಿಕೊಂಡೆವು. ಮಾಲು ಕೊಟ್ಟು ತಿಂಗಳು ಕಳೆಯಿತು, ಎರಡಾಯಿತು. ಫೋನ್ ಮಾಡಿದರೆ ‘ಮುಂದಿನ ವಾರ’. ದುಡ್ಡು ಕೈಗೆ ಬಂದದ್ದು ಐದನೇ ತಿಂಗಳಲ್ಲಿ. ಅಷ್ಟರಲ್ಲಿ ಆ ಆರು ಜನರಲ್ಲಿ ಇಬ್ಬರು ಮತ್ತೆ ಹಳೇ ಏಜೆಂಟನ ಹತ್ತಿರ ಹೋಗಿದ್ದರು. ‘ಅಕ್ಕಾರ, ಅಂವ ಕಡಿಮಿ ಕೊಟ್ರೂ ಶನಿವಾರ ಕೊಡ್ತಾನ್ರೀ’ ಅಂದಳು ಒಬ್ಬಳು. ಈ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಜಾಸ್ತಿ ಕೂಲಿ ಕೊಡುತ್ತೇವೆ ಅಂತ ನಾವು ಹೆಮ್ಮೆಪಡುತ್ತಿದ್ದೆವು. ಅವಳಿಗೆ ಬೇಕಾಗಿದ್ದು ಶನಿವಾರ.

ಸಣ್ಣ ಉದ್ಯಮಗಳಿಗೆ 45 ದಿನದ ಒಳಗೆ ಹಣ ಕೊಡಬೇಕು, ತಪ್ಪಿದರೆ ಬಡ್ಡಿ ಕಟ್ಟಬೇಕು ಅಂತ 2006ರ ಕಾಯ್ದೆಯೇ ಹೇಳುತ್ತದೆ. ಆದರೆ ನಾವು ನೋಂದಣಿಯನ್ನೇ ಮಾಡಿಸಿರಲಿಲ್ಲ. ಈಗ ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ‘ಉದ್ಯಮ್’ ನೋಂದಣಿ ಆನ್‌ಲೈನಿನಲ್ಲಿ ಬಿಟ್ಟಿಯಾಗಿ ಆಗುತ್ತದೆ. ಈ ಥರ ಏನಾದರೂ ಶುರು ಮಾಡುವವರಿಗೆ ನಾನು ಮೊದಲು ಹೇಳುವುದು ಅದನ್ನೇ. ಇನ್ನೊಂದು, ಆರ್ಡರಿನ ಅರ್ಧ ಹಣ ಮುಂಗಡ ಕೇಳಿ. ಕೊಡದ ಅಂಗಡಿಗೆ ಮಾಲು ಕೊಡಬೇಡಿ. ಇದನ್ನು ಹೇಳುವಾಗ ಬಾಯಿ ಒಣಗುತ್ತದೆ, ನಿಜ. ಆದರೂ ಹೇಳಿ.

ಪರಂಪರೆ ಉಳಿಸುವ ಮಾತಿಗೆ ಬಂದರೆ ಎಲ್ಲರೂ ಜಿಐ ಟ್ಯಾಗ್ ಅನ್ನುತ್ತಾರೆ. ಅಂದರೆ ಭೌಗೋಳಿಕ ಗುರುತು. 1999ರಲ್ಲಿ ಕಾಯ್ದೆ ಆಯಿತು, 2003ರಲ್ಲಿ ಜಾರಿಗೆ ಬಂತು. ಇಳಕಲ್ ಸೀರೆಗೆ, ಕಸೂತಿಗೆ, ಸಂಡೂರಿನ ಲಂಬಾಣಿ ಕಸೂತಿಗೆ ಈ ಗುರುತು ಇದೆ. ಧಾರವಾಡದ ಕಸೂತಿಯ ನೋಂದಣಿ ಕರ್ನಾಟಕದ ಕರಕುಶಲ ನಿಗಮದ ಹೆಸರಿನಲ್ಲಿದೆ. ಇದು ಹೆಸರನ್ನು ಕಾಯುತ್ತದೆ. ಕೂಲಿಯನ್ನು ಕಾಯುವುದಿಲ್ಲ. ಮಾಡುವವಳು ಅಧಿಕೃತ ಬಳಕೆದಾರಳು ಅಂತ ಬೇರೆಯಾಗಿ ನೋಂದಾಯಿಸಿಕೊಳ್ಳಬೇಕು. ಎಷ್ಟೋ ಜನರಿಗೆ ಅದು ಗೊತ್ತೇ ಇಲ್ಲ. ಅತ್ತ ಕಂಪ್ಯೂಟರ್ ಮಷೀನಿನಲ್ಲಿ ಹೊಲಿದ ಗೋಪುರ, ನವಿಲು ‘ಕಸೂತಿ ಡಿಸೈನ್’ ಅನ್ನುವ ಹೆಸರಲ್ಲಿ ಧಾರಾಳವಾಗಿ ಮಾರಾಟವಾಗುತ್ತದೆ. ಅದನ್ನು ಗುರುತಿಸುವುದು ಕಷ್ಟ ಏನಲ್ಲ. ಬಟ್ಟೆ ತಿರುಗಿಸಿ ನೋಡಿ. ಮಷೀನಿನದಾದರೆ ಹಿಂದೆ ಬೇರೆ ದಾರದ ಜಾಲ ಇರುತ್ತದೆ, ಎಷ್ಟೋ ಸಲ ಬಿಳಿ ಕಾಗದದಂಥ ಅಸ್ತರಿನ ಚೂರು ಅಂಟಿಕೊಂಡಿರುತ್ತದೆ. ಕೈಯ ಗವಂತಿಗೆ ಹಿಂದೆ ಮುಂದೆ ಭೇದ ಇಲ್ಲ.

ಸಂಡೂರಿನ ಲಂಬಾಣಿ ಹೆಂಗಸರ ಹೆಸರು 2023ರ ಜುಲೈನಲ್ಲಿ ದೇಶವೆಲ್ಲ ಕೇಳಿತು. ಹಂಪಿಯಲ್ಲಿ ಜಿ20 ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಹೆಂಗಸರು 1,755 ತುಣುಕುಗಳಲ್ಲಿ ಕಸೂತಿ ಮಾಡಿ ಗಿನ್ನೆಸ್ ದಾಖಲೆ ಬರೆದರು. ನೋಡಿ ಹೆಮ್ಮೆ ಆಯಿತು. ಆದರೆ ಆ ದಿನದ ಚಪ್ಪಾಳೆಗಿಂತ ಆ ಕೇಂದ್ರ ದಶಕಗಳಿಂದ ಅವರಿಗೆ ತಿಂಗಳು ತಿಂಗಳೂ ಕೆಲಸ ಕೊಡುತ್ತಾ ಬಂದಿದೆಯಲ್ಲ, ಅದು ದೊಡ್ಡದು. ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಅವರು 1952ರಲ್ಲಿ ಶುರುವಾದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ಮುನ್ನಡೆಸುವಾಗ ಪ್ರದರ್ಶನದ ಜೊತೆಗೆ ಮಾರಾಟದ ಬಗ್ಗೆಯೂ ಅಷ್ಟೇ ತಲೆ ಕೆಡಿಸಿಕೊಂಡಿದ್ದರು. ಆ ಮಂಡಳಿಯನ್ನು 2020ರಲ್ಲಿ ಮುಚ್ಚಲಾಯಿತು. ನನಗೆ ಅದು ಸರಿ ಅನಿಸಿಲ್ಲ. ಕುಶಲಕರ್ಮಿಗಳ ಪರವಾಗಿ ಸರ್ಕಾರದ ಎದುರು ಮಾತಾಡುವ ಒಂದು ಕುರ್ಚಿ ಹೋಯಿತು.

ಇನ್ನು ಡಿಸೈನಿನ ಜಗಳ. ಸೀರೆಯ ಮೇಲೆ ಇರಬೇಕಾದ ತೇರನ್ನು ಮೊಬೈಲ್ ಚೀಲದ ಮೇಲೆ ಹಾಕಬಹುದಾ? ನಮ್ಮ ಗುಂಪಿನಲ್ಲೇ ಇದಕ್ಕೆ ಎರಡು ಅಭಿಪ್ರಾಯ. ನಾನು ಹಾಕಬಹುದು ಅನ್ನುವವಳು. ಯಾಕೆಂದರೆ ಇಡೀ ಸೆರಗಿಗೆ ತಿಂಗಳುಗಟ್ಟಲೆ ಬೇಕು, ಕೊಳ್ಳುವವರು ಕೆಲವರೇ. ಮೂರು ಗಂಟೆಯಲ್ಲಿ ಮುಗಿಯುವ ಒಂದು ತುಳಸಿ ಕಟ್ಟೆ ಕಾಲೇಜು ಹುಡುಗಿಯ ಕೈಗೂ ಸಿಗುತ್ತದೆ, ಹೊಸದಾಗಿ ಕಲಿಯುವವಳಿಗೂ ಅಭ್ಯಾಸವಾಗುತ್ತದೆ. ಆದರೆ ಅಷ್ಟಕ್ಕೇ ನಿಂತರೆ ದೊಡ್ಡ ಗೋಪುರ ಎಣಿಸುವ ಕೈ ಮರೆತುಹೋಗುತ್ತದೆ. ಅದಕ್ಕೆ ನಾವು ವರ್ಷಕ್ಕೆ ಒಂದಾದರೂ ಪೂರ್ತಿ ಚಂದ್ರಕಾಳಿ ಸೀರೆಗೆ ಆರ್ಡರ್ ಕೊಡುತ್ತೇವೆ. ಕಪ್ಪು ಸೀರೆಯ ಮೇಲೆ ಎಳೆ ಎಣಿಸುವುದು ಕಣ್ಣಿಗೆ ಬಹಳ ಕಷ್ಟ. ಹಗಲಿನ ಬೆಳಕೇ ಬೇಕು. ಅದರ ಕೂಲಿಯೂ ಬೇರೆ.

ಪುಣೆಯಲ್ಲಿ ಚಳಿಗಾಲಕ್ಕೆ ಭೀಮಥಡಿ ಜಾತ್ರೆ ನಡೆಯುತ್ತದೆ, ಕೃಷಿ ಕಾಲೇಜಿನ ಮೈದಾನದಲ್ಲಿ. ಬಾರಾಮತಿಯ ಕೃಷಿ ಟ್ರಸ್ಟಿನವರು ನಡೆಸುವ ಈ ಜಾತ್ರೆಯಲ್ಲಿ ಸ್ವಸಹಾಯ ಗುಂಪಿನ ಹೆಂಗಸರು ಮಾಲು ತಂದು ತಾವೇ ಮಾರುತ್ತಾರೆ. ಅಲ್ಲಿ ನೀವು ಒಂದು ಮಳಿಗೆಯ ಮುಂದೆ ನಿಂತರೆ ‘ಇದನ್ನು ಮಾಡಿದವರು ಯಾರು, ಎಷ್ಟು ದಿನ ಹಿಡಿಯಿತು, ದುಡ್ಡು ಯಾವಾಗ ಕೈಗೆ ಬರುತ್ತದೆ’ ಅಂತ ಕೇಳಿ ನೋಡಿ. ಗೊತ್ತಿದ್ದವರು ತಟ್ಟನೆ ಹೇಳುತ್ತಾರೆ. ಎಷ್ಟೋ ಸಲ ಮಾಡಿದವಳೇ ಎದುರಿಗೆ ಕೂತಿರುತ್ತಾಳೆ. ಗೊತ್ತಿಲ್ಲದವರು ಬಡತನದ ಕಥೆ ಹೇಳುತ್ತಾರೆ.

ನಮ್ಮ ಆರು ಜನರಲ್ಲಿ ಹೋದ ಇಬ್ಬರಲ್ಲಿ ಒಬ್ಬಳು ಈಗ ವಾಪಸ್ಸು ಬಂದಿದ್ದಾಳೆ. ಪ್ರತಿಯೊಬ್ಬರ ಹತ್ತಿರವೂ ಒಂದು ಇನ್ನೂರು ಪುಟದ ನೋಟ್‌ಬುಕ್ ಇದೆ. ಸೂಜಿ ಹಿಡಿದ ಹೊತ್ತು, ಕೆಳಗಿಟ್ಟ ಹೊತ್ತು ಬರೆಯುತ್ತಾರೆ. ಮೊದಮೊದಲು ಬೇಜಾರು ಮಾಡಿಕೊಂಡರು. ಕಳೆದ ಸಲ ನಾನು ಊರಿಗೆ ಹೋದಾಗ ಒಬ್ಬಳು ಪುಸ್ತಕ ಬಿಚ್ಚಿ ನನ್ನ ಮುಂದೆ ಇಟ್ಟಳು. ‘ಈ ಆನೀಗೆ ಹನ್ನೊಂದು ತಾಸು ಹಿಡದೈತ್ರೀ ಅಕ್ಕಾರ, ನೀವು ಒಂಬತ್ತು ಹಿಡದೀರಿ’ ಅಂದಳು. ಇಬ್ಬರೂ ಕೂತು ಮತ್ತೆ ಎಣಿಸಿದೆವು. ಹನ್ನೊಂದೇ ಇತ್ತು. ಆ ಸ್ಟೋಲಿನ ಬೆಲೆ ಬದಲಾಯಿಸಿದೆವು.